ತೊಳೆದ ಗಾಡಿಗೆ ಕೊಟ್ಟ ಒಂಬತ್ತು ಅಂಕ

2023ರಲ್ಲಿ ನಾನು ಶಹಾಬಾದಿನಲ್ಲಿ ಸ್ವತಂತ್ರ ಮೋಟಾರು ಸರ್ವೇಯರ್ ಆಗಿದ್ದೆ. ಅಪಘಾತಕ್ಕೆ ಸಿಕ್ಕ ವಾಹನವನ್ನು ನೋಡಿ, ಯಾವ ಭಾಗ ಹೇಗೆ ಹಾಳಾಯಿತು, ಏಕೆ ಹಾಳಾಯಿತು ಎಂದು ವಿಮೆಯವರಿಗೆ ವರದಿ ಬರೆದುಕೊಡುವುದು ನನ್ನ ಕೆಲಸ. ಕಲಬುರಗಿಯಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿ ಇಪ್ಪತ್ತೆರಡು ವರ್ಷ ಇದನ್ನೇ ಮಾಡಿಕೊಂಡು ಬಂದಿದ್ದೆ. ಇದರ ಜೊತೆಗೆ ಇನ್ನೊಂದು ಕೆಲಸವೂ ಅಂಟಿಕೊಂಡಿತ್ತು. ಸೇಡಂ, ಚಿತ್ತಾಪುರ, ವಾಡಿ, ಚಿಂಚೋಳಿ ಕಡೆಯವರು ಹಳೆಯ ಕಾರು ಕೊಳ್ಳುವ ಮೊದಲು ನನ್ನನ್ನು ಕರೆದು ತೋರಿಸುತ್ತಿದ್ದರು. ನಾನು ನೋಡಿ ತಗೊಳ್ಳಿ ಅಂದರೆ ತಗೊಳ್ಳುತ್ತಿದ್ದರು, ಬೇಡ ಅಂದರೆ ಬಿಡುತ್ತಿದ್ದರು. ಈ ಎರಡನೆಯ ಕೆಲಸವನ್ನು ನಾನೀಗ ಮಾಡುವುದಿಲ್ಲ. ಕೇಳಿದವರಿಗೆಲ್ಲ ಕಣ್ಣು ಮಂಜಾಗಿದೆ ಎಂದು ಹೇಳುತ್ತೇನೆ. ಕಣ್ಣು ಸರಿಯಾಗಿಯೇ ಇದೆ.

ಆ ವರ್ಷ ದೀಪಾವಳಿ ಮುಗಿದ ಮೇಲೆ ಒಂದು ಮಧ್ಯಾಹ್ನ ಸೇಡಮ್ಮಿನ ದಂತವೈದ್ಯೆ ಡಾ. ಸುಮಂಗಲಾ ತಮ್ಮ ಗಂಡನನ್ನು ಕರೆದುಕೊಂಡು ನನ್ನ ಆಫೀಸಿಗೆ ಬಂದರು. ಮೂವತ್ತಾರು ವರ್ಷದ ಹೆಂಗಸು, ಗಟ್ಟಿ ದನಿ. ಗಂಡ ಮಲ್ಲಿಕಾರ್ಜುನ ಡಿಗ್ರಿ ಕಾಲೇಜಿನಲ್ಲಿ ಇತಿಹಾಸದ ಉಪನ್ಯಾಸಕರು, ಮಾತು ಕಡಿಮೆ. ಡಾಕ್ಟರು ಕುರ್ಚಿಯಲ್ಲಿ ಕೂತವರೇ ಮೊಬೈಲಿನಲ್ಲಿ ಎರಡು ಕಾರುಗಳ ಫೋಟೊ ತೋರಿಸಿದರು.

"ಕುಲಕರ್ಣಿ ಸರ್, ಎರಡು ಗಾಡಿ ಮನಸಿಗೆ ಬಂದಾವ. ಕೆಂಪಂದು ಚಿಂಚೋಳ್ಯಾಗದ, ಬಿಳೇದು ವಾಡ್ಯಾಗದ. ಯಾವುದು ತಗೊಳ್ಲಿ ಹೇಳ್ರಿ."

"ಓಡಸೋರು ಯಾರ್ರಿ? ಸರಾ?"

"ಇವ್ರಾ?" ಎಂದು ಗಂಡನ ಕಡೆ ನೋಡಿ ನಕ್ಕರು. "ಇವ್ರು ಸ್ಕೂಟರ್ ಸ್ಟ್ಯಾಂಡ್ ಹಾಕಬೇಕಾದ್ರೂ ಇಬ್ಬರನ್ನ ಕರೀತಾರ. ನಾನೇ ಓಡಸೋದ್ರಿ. ಹಲ್ಲಿನ ಡಾಕ್ಟರ್ ಅಂದ್ರ ಬರೇ ಹಲ್ಲೇ ನೋಡ್ಕೋತ ಕುಂದರಬೇಕೇನ್?"

ಟ್ರ್ಯಾಕ್ ಡೇ ಎಂಬುದು ಏನೆಂದು ನನಗೆ ಅವರೇ ವಿವರಿಸಿದರು. ಕೆಲವು ಖಾಸಗಿ ರೇಸ್ ಟ್ರ್ಯಾಕುಗಳಲ್ಲಿ ವರ್ಷಕ್ಕೆ ಕೆಲವು ದಿನ ಸಾಮಾನ್ಯ ಜನರಿಗೂ ತಮ್ಮ ಕಾರು ಓಡಿಸಲು ಬಿಡುತ್ತಾರೆ. ಹೆಲ್ಮೆಟ್ ಇರುತ್ತದೆ, ಮಾರ್ಷಲ್‌ಗಳಿರುತ್ತಾರೆ, ಎದುರಿನಿಂದ ಯಾವ ಗಾಡಿಯೂ ಬರುವುದಿಲ್ಲ. ಒಂದು ಸುತ್ತಿಗೆ ಎಷ್ಟು ಸೆಕೆಂಡು ಎಂಬುದಷ್ಟೇ ಲೆಕ್ಕ. ಡಾಕ್ಟರು ಎರಡು ಸಲ ಬಾಡಿಗೆ ಕಾರಿನಲ್ಲಿ ಹೋಗಿ ಬಂದಿದ್ದರು. ಈಗ ತಮ್ಮದೇ ಹಳೆಯ ಸ್ಪೋರ್ಟಿ ಕಾರೊಂದನ್ನು ಕೊಂಡು, ಅದನ್ನು ಅದಕ್ಕೆಂದೇ ಮಾಡಿಫೈ ಮಾಡಿಸುವ ಆಸೆ. ಎದ್ದು ಹೋಗುವಾಗ ಹೇಳಿದರು.

"ಗೆಲ್ಲೋ ಗಾಡಿ ಬ್ಯಾಡ್ರಿ ಸರ್. ನಿಂದ್ರೋ ಗಾಡಿ ಬೇಕು. ನನ್ನ ಕೈ ನೆಟ್ಟಗಿದ್ರನೇ ನಮ್ಮ ಮನಿ ನಡೀತದ."

ಮಲ್ಲಿಕಾರ್ಜುನ ಆಗ ಮೊದಲ ಬಾರಿ ಬಾಯಿ ಬಿಟ್ಟರು. "ನನಗ ಗಾಡಿ ತಿಳಿಯಾಂಗಿಲ್ರಿ. ನೀವು ಹೂಂ ಅಂದ್ರ ನಾನೂ ಹೂಂ ಅಂತೀನಿ."

ಕಾರುಗಳ ಕಂಪನಿ, ಮಾಡೆಲ್ ಹೆಸರು ಇಲ್ಲಿ ಬರೆಯುವುದಿಲ್ಲ. ಮುಂದೆ ಆದದ್ದಕ್ಕೆ ತಯಾರಿಸಿದವರು ಕಾರಣರಲ್ಲ. ಎರಡೂ ಪುಟ್ಟ ಹ್ಯಾಚ್‌ಬ್ಯಾಕ್‌ಗಳು, ಎರಡೂ ಪೆಟ್ರೋಲ್, ಎರಡಕ್ಕೂ ಸುಮಾರು ಒಂಬತ್ತು ವರ್ಷ. ಕೆಂಪು ಕಾರಿನದು 1.6 ಲೀಟರಿನ ಸಾದಾ ಇಂಜಿನ್, ಓಡಿದ್ದು 88 ಸಾವಿರ ಕಿಲೋಮೀಟರ್. ಬಿಳಿ ಕಾರಿನದು ಚಿಕ್ಕ ಟರ್ಬೊ ಇಂಜಿನ್, 61 ಸಾವಿರ. ಟರ್ಬೊ ಅಂದರೆ ಹೊಗೆಯ ರಭಸದಿಂದಲೇ ಒಂದು ಚಕ್ರ ತಿರುಗಿಸಿ ಇಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಏರ್ಪಾಡು. ಶಕ್ತಿ ಸುಲಭವಾಗಿ ಹೆಚ್ಚಿಸಬಹುದು, ಆದರೆ ಬೇಗ ಬಿಸಿಯಾಗುತ್ತದೆ. ಟ್ರ್ಯಾಕಿನಲ್ಲಿ ಹತ್ತು ಸುತ್ತು ಎಡೆಬಿಡದೆ ಓಡಿಸುವವರಿಗೆ ಸಾದಾ ಇಂಜಿನ್ನೇ ಮೇಲು ಎಂದು ಹೇಳುವವರೂ ಇದ್ದಾರೆ. ನನ್ನ ಮನಸ್ಸು ಮೊದಲಿಗೆ ಕೆಂಪು ಕಾರಿನ ಕಡೆಗೇ ಇತ್ತು.

ಅದರ ಮಾಲೀಕರು ಚಿಂಚೋಳಿಯಲ್ಲಿ ತೊಗರಿಬೇಳೆ ಮಿಲ್ಲು ಇಟ್ಟವರು. ಕಾರಿನ ಕೆಳಗೆ ಬಗ್ಗಿ ನೋಡಿದರೆ ಅಲ್ಲಿಯ ಕೆಂಪು ಮಣ್ಣು ಎರಡು ಬೆರಳು ದಪ್ಪಕ್ಕೆ ಮೆತ್ತಿಕೊಂಡಿತ್ತು. ಅಲ್ಲಲ್ಲಿ ಮೇಲ್ಮೈ ತುಕ್ಕು. "ತೊಳಸಿಲ್ಲೇನ್ರಿ?" ಎಂದರೆ, "ಮಳಿ ಬಂದಾಗ ತಾನೇ ಜಳಕ ಮಾಡ್ತದ್ರಿ, ನಾವ್ಯಾಕ ಅದರ ಮರ್ಯಾದಿ ತಗೀಬೇಕು?" ಎಂದು ನಕ್ಕರು. ಇಂಜಿನ್ನಿನ ನಾಲ್ಕೂ ಸಿಲಿಂಡರಿನ ಕಂಪ್ರೆಷನ್ ಸರಿಯಾಗಿತ್ತು. ಮಣ್ಣು ಕೆರೆದು ಬ್ರೇಕಿನ ಪೈಪು ನೋಡಿದೆ. ಮೇಲೆ ಕಂದುಬಣ್ಣ ಹತ್ತಿತ್ತು, ಉಗುರಿನಿಂದ ಕೆರೆದರೆ ಹೋಗುವಂಥದ್ದು. ಒಳಗೆ ಉಕ್ಕು ಗಟ್ಟಿ.

ಬಿಳಿ ಕಾರಿನ ಮಾಲೀಕ ಶರಣಪ್ಪನವರು ವಾಡಿಯಲ್ಲಿ ಸಿಮೆಂಟಿನ ಗೋದಾಮು ಇಟ್ಟವರು. ಅರವತ್ತರ ಹತ್ತಿರದ ವಯಸ್ಸು, ಹಣೆ ತುಂಬ ವಿಭೂತಿ. "ಶರಣಾರ್ಥಿ, ಬರ್ರಿ, ಕುಂದ್ರಿ" ಎಂದು ಚಹಾ ಕೊಟ್ಟರು. ಮಗಳ ಮದುವೆಯಾಗಿ ಆಕೆ ಹೋದ ಮೇಲೆ ಕಾರು ನಿಂತೇ ಇರುತ್ತದೆ, ಅದಕ್ಕೇ ಮಾರುತ್ತಿದ್ದೇನೆ ಎಂದರು. ಸುಳ್ಳು ಹೇಳುವ ಮನುಷ್ಯರಲ್ಲ. ಇಂದಿಗೂ ನನಗೆ ಅವರ ಮೇಲೆ ಸಿಟ್ಟಿಲ್ಲ. ಸಿಟ್ಟು ಬಂದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಆ ಕಾರನ್ನು ಚಿತ್ತಾಪುರದ ಮೆಹಬೂಬನ ಗ್ಯಾರೇಜಿಗೆ ಒಯ್ದು ಗುಂಡಿಯ ಮೇಲೆ ನಿಲ್ಲಿಸಿದೆವು. ಮುಂದೆ ಮಾಡಿಫೈ ಮಾಡಬೇಕಾದವನು ಅವನೇ. ನಾವಿಬ್ಬರೂ ಕೆಳಗಿಳಿದು ಟಾರ್ಚು ಹಾಕಿದೆವು. ಗಾಡಿಯ ತಳ ಲಕಲಕ ಹೊಳೆಯುತ್ತಿತ್ತು. ಧೂಳಿಲ್ಲ, ಮಣ್ಣಿಲ್ಲ, ಎಣ್ಣೆಯ ಕಲೆ ಕೂಡ ಇಲ್ಲ. ಮೇಲೆ ಹೊಸದಾಗಿ ತೆಳ್ಳಗೆ ಕರಿ ಕೋಟಿಂಗ್ ಹೊಡೆಸಿದ್ದರು.

"ಏ ಸಾಬ್," ಎಂದ ಮೆಹಬೂಬ್, "ಇದು ವಾಡಿ ಗಾಡಿ ಅಂದ್ರ ಯಾರರ ನಂಬ್ತಾರೇನ್ರಿ? ಮದಿಮಗನಂಗ ನಿಂತದ ನೋಡ್ರಿ."

"ಸಾಕಿದ್ರ ಹಿಂಗ ಸಾಕಬೇಕಪ್ಪ," ಎಂದೆ ನಾನು.

ಇಬ್ಬರೂ ನಕ್ಕೆವು. ಆ ನಗುವಿನ ಬಗ್ಗೆ ನಾನು ಭಾಳ ಯೋಚಿಸಿದ್ದೇನೆ. ಸಿಮೆಂಟಿನ ಗೋದಾಮಿನ ಅಂಗಳದಲ್ಲಿ ಒಂಬತ್ತು ವರ್ಷ ನಿಂತ ಗಾಡಿ ಇಷ್ಟು ಸ್ವಚ್ಛವಾಗಿರಲು ಸಾಧ್ಯವಿಲ್ಲ ಎಂಬುದನ್ನು ಮೆಹಬೂಬ್ ಬಾಯಿಬಿಟ್ಟು ಹೇಳಿದ್ದ. ನಾವು ಅದನ್ನು ಹೊಗಳಿಕೆ ಎಂದುಕೊಂಡೆವು. ಗೇರ್‌ಬಾಕ್ಸಿನ ಅಲ್ಯೂಮಿನಿಯಂ ಕವಚದ ಮೇಲೆ ಬೂದಿ ಬಳಿದಂತೆ ಒಂದು ಬಿಳಿಚು ಮಂಕು ಇತ್ತು. ನಾನು ಅದನ್ನು ಬೆರಳಿನಿಂದ ಒರೆಸಿ ನೋಡಿದೆ, ಹೋಗಲಿಲ್ಲ. ಹಳೆಯ ಸಿಮೆಂಟಿನ ಕಲೆ ಇರಬೇಕೆಂದು ಮುಂದಕ್ಕೆ ಸರಿದೆ.

ನನ್ನ ವರದಿಯಲ್ಲಿ ಹತ್ತು ವಿಭಾಗ, ಒಂದೊಂದಕ್ಕೆ ಹತ್ತು ಅಂಕ. ಇಂಜಿನ್, ಗೇರ್, ಸಸ್ಪೆನ್ಷನ್, ಬ್ರೇಕ್, ಬಣ್ಣ, ಕಾಗದಪತ್ರ, ಹೀಗೆ. ತಳಭಾಗಕ್ಕೆ ಕೆಂಪು ಕಾರಿಗೆ ಐದು ಕೊಟ್ಟೆ, ಬಿಳಿ ಕಾರಿಗೆ ಒಂಬತ್ತು. ಒಟ್ಟು ಕೂಡಿಸಿದಾಗ ಕೆಂಪಿಗೆ 76, ಬಿಳಿಗೆ 78 ಬಂತು. ತಳಭಾಗದ ಅಂಕ ಬಿಟ್ಟು ಲೆಕ್ಕ ಹಾಕಿದರೆ ಕೆಂಪಿಗೆ 71, ಬಿಳಿಗೆ 69. ಅಂದರೆ ಯಾವ ಗಾಡಿ ಎಂಬುದನ್ನು ತೀರ್ಮಾನಿಸಿದ್ದು ಇಂಜಿನ್ನಲ್ಲ, ಟರ್ಬೊ ಅಲ್ಲ. ಯಾರೋ ಚೆನ್ನಾಗಿ ತೊಳೆದಿದ್ದರು ಎಂಬ ಒಂದೇ ಸಂಗತಿ.

ಡಾಕ್ಟರಿಗೆ ಫೋನ್ ಮಾಡಿ ಹೇಳಿದೆ. "ಬಿಳೇದು ತಗೋರಿ."

"ಪಕ್ಕಾ?"

"ಪಕ್ಕಾ."

ಮೆಹಬೂಬ್ ಎಂಟು ವಾರ ತೆಗೆದುಕೊಂಡ. ಹಿಂದಿನ ಸೀಟು ಕಿತ್ತು ಉಕ್ಕಿನ ಪೈಪುಗಳ ಪಂಜರ ಕೂರಿಸಿದ. ಅದಕ್ಕೆ ರೋಲ್ ಕೇಜ್ ಎನ್ನುತ್ತಾರೆ, ಗಾಡಿ ಪಲ್ಟಿಯಾದರೆ ಛಾವಣಿ ತಲೆಯ ಮೇಲೆ ಕುಸಿಯಬಾರದೆಂದು. ನಾಲ್ಕು ಪಟ್ಟಿಯ ಸೀಟ್ ಬೆಲ್ಟ್, ಗಿಡ್ಡ ಸ್ಪ್ರಿಂಗು, ನೆಲ ಕಚ್ಚಿ ಹಿಡಿಯುವ ಮೆತ್ತನೆ ಟೈರು. ಬ್ರೇಕಿಗೆ ಗಟ್ಟಿ ಪ್ಯಾಡ್. ಈ ಪ್ಯಾಡಿನ ವಿಷಯ ಸ್ವಲ್ಪ ಹೇಳಬೇಕು. ರಸ್ತೆಯ ಪ್ಯಾಡ್ ತಣ್ಣಗಿದ್ದಾಗ ಚೆನ್ನಾಗಿ ಹಿಡಿಯುತ್ತದೆ, ಬಿಸಿಯಾದರೆ ಜಾರುತ್ತದೆ. ಟ್ರ್ಯಾಕಿನ ಪ್ಯಾಡ್ ಬಿಸಿಯಲ್ಲೂ ಹಿಡಿಯುತ್ತದೆ, ಆದರೆ ಪೆಡಲನ್ನು ಬಲವಾಗಿ ತುಳಿಯಬೇಕು. ಬಲವಾಗಿ ತುಳಿದಷ್ಟೂ ಪೈಪಿನೊಳಗಿನ ಬ್ರೇಕ್ ಆಯಿಲ್‌ನ ಒತ್ತಡ ಏರುತ್ತದೆ. ಚಕ್ರಗಳ ಹತ್ತಿರವಿರುವ ಗೇಣುದ್ದದ ರಬ್ಬರ್ ಹೋಸುಗಳನ್ನು ತೆಗೆದು ಉಕ್ಕಿನ ಹೆಣಿಗೆಯ ಹೊಸ ಹೋಸು ಹಾಕಿದ. ಗಾಡಿಯ ತಳದಲ್ಲಿ ಮುಂದಿನಿಂದ ಹಿಂದಕ್ಕೆ ಹೋಗುವ ಉದ್ದದ ಉಕ್ಕಿನ ಪೈಪು ಮಾತ್ರ ಹಳೆಯದೇ ಉಳಿಯಿತು.

ಅದೂ ಮೆಹಬೂಬ್ ಕೇಳದೆ ಬಿಟ್ಟದ್ದಲ್ಲ. ಒಂದು ದಿನ ಫೋನ್ ಮಾಡಿದ್ದ.

"ಸಾಬ್, ಉದ್ದ ಪೈಪೂ ಬದಲ್ ಮಾಡಿಬಿಡ್ಲೇನ್ರಿ? ಗಾಡಿ ಬಿಚ್ಚೇ ಅದ."

"ಹೊಸಾದಿದ್ದಂಗ ಅದಲ್ಲೋ ಮಾರಾಯ, ಯಾಕ ಸುಮ್ನ?"

"ನೀವು ಅಂದ್ರ ಆಯ್ತು ಬಿಡ್ರಿ."

ನಾನು ಆಗ ಊಟ ಮಾಡುತ್ತಿದ್ದೆ. ಎಡಗೈಯಲ್ಲಿ ಫೋನ್ ಹಿಡಿದಿದ್ದೆ. ಅರ್ಧ ನಿಮಿಷದ ಮಾತು.

ಸಂಕ್ರಾಂತಿಯ ಮರುವಾರ ಟ್ರ್ಯಾಕಿಗೆ ಹೋಗುವ ಮೊದಲು ಒಮ್ಮೆ ಓಡಿಸಿ ನೋಡೋಣವೆಂದು ಡಾಕ್ಟರು ಹೇಳಿದರು. ಸಾರ್ವಜನಿಕ ರಸ್ತೆಯಲ್ಲಿ ಅದನ್ನು ಮಾಡುವಂತಿಲ್ಲ. ರಾವೂರಿನ ಕಡೆ ಕೆಲಸ ನಿಂತ ಹಳೆಯ ಕಲ್ಲಿನ ಖಣಿಯೊಂದಿತ್ತು. ನಮ್ಮ ಕಡೆಯ ಕಲ್ಲು ಪದರ ಪದರವಾಗಿ, ಮಟ್ಟವಾಗಿ ಮಲಗಿರುತ್ತದೆ. ಮೇಲಿನ ಪದರಗಳನ್ನು ಕಿತ್ತ ಮೇಲೆ ಉಳಿಯುವ ಖಣಿಯ ತಳ ಮನೆಯ ನೆಲದಂತೆ ಸಮತಟ್ಟು. ಮಾಲೀಕನ ಒಪ್ಪಿಗೆ ಪಡೆದು ಬೆಳಗ್ಗೆ ಹತ್ತಕ್ಕೆ ಹೋದೆವು. ಸುಮಾರು ಮುನ್ನೂರೈವತ್ತು ಮೀಟರಿನ ನೇರ ದಾರಿ. ಕೊನೆಗೆ ಎರಡು ಕಿತ್ತಳೆ ಬಣ್ಣದ ಕೋನ್. ಕೋನಿನ ಹತ್ತಿರ ಬ್ರೇಕ್ ಹಿಡಿದು ತಿರುಗಿ ವಾಪಸ್ ಬರಬೇಕು. ಅದರಾಚೆ ಬಲಗಡೆ ಒಡೆದ ಫರಸಿಗಳ, ಅಂದರೆ ಹಾಸುಗಲ್ಲುಗಳ, ಗುಡ್ಡೆ. ಎಡಗಡೆ ನೀರು ತುಂಬಿದ ಆಳದ ಖಣಿ, ಅದರ ದಂಡೆಯಲ್ಲಿ ನಾನು ಮತ್ತು ಮಲ್ಲಿಕಾರ್ಜುನ. ಎಲ್ಲಿ ಬ್ರೇಕ್ ಹಿಡಿಯುತ್ತಾರೆಂದು ಸರಿಯಾಗಿ ಕಾಣಲಿ ಎಂದು ಆ ಜಾಗ ಆರಿಸಿದವನೂ ನಾನೇ. ಮೆಹಬೂಬ್ ಹೊರಡುವ ಕಡೆ ನಿಂತಿದ್ದ.

ಮೊದಲ ಐದು ಸುತ್ತು ಚೆನ್ನಾಗಿ ಹೋದವು, ನಾನು ಮೊಬೈಲಿನ ಸ್ಟಾಪ್‌ವಾಚಿನಲ್ಲಿ ಸಮಯ ಹಿಡಿಯುತ್ತಿದ್ದೆ. ಆರನೆಯದಕ್ಕೆ ಮೊದಲು ಡಾಕ್ಟರು ನಮ್ಮ ಹತ್ತಿರ ನಿಲ್ಲಿಸಿ ಹೆಲ್ಮೆಟ್ಟಿನ ಗಾಜು ಎತ್ತಿದರು. ಮುಖದಲ್ಲಿ ಬೆವರು, ಖುಷಿ.

"ಸರ್, ನಿಮ್ಮ ಗಡಿಯಾರ ಮಲಗ್ಯಾದೇನ್ರಿ? ಎಷ್ಟು ಜೋರು ಬಂದೆ, ನೀವು ಅಷ್ಟೇ ಸೆಕೆಂಡು ಹೇಳ್ಲಿಕತ್ತೀರಿ."

"ಬ್ರೇಕ್ ಭಾಳ ಲಗೂ ಹಿಡೀಲಿಕತ್ತೀರಿ ಮೇಡಂ. ಇನ್ನಾ ಹತ್ತು ಮೀಟರ್ ಮುಂದ ಬರ್ರಿ, ಆಮ್ಯಾಲ ಗಟ್ಟಿ ಹಿಡೀರಿ."

"ಸುಮಾ, ಸಾಕಿನ್ನ, ಊಟದ ಹೊತ್ತಾತು," ಎಂದರು ಮಲ್ಲಿಕಾರ್ಜುನ.

"ಒಂದೇ ಒಂದು," ಎಂದು ಗಾಜು ಇಳಿಸಿಕೊಂಡು ಹೋದರು.

ಮುಂದಿನದನ್ನು ನಾನು ದಿನವೂ ನೋಡುತ್ತೇನೆ. ಹಲ್ಲು ಉಜ್ಜುವಾಗ, ಬಸ್ಸಿಗೆ ಕಾಯುವಾಗ. ಬಿಳಿ ಗಾಡಿ ನೇರ ಬರುತ್ತದೆ. ಕೋನಿನ ಹತ್ತಿರ ಬ್ರೇಕ್ ಹಿಡಿದದ್ದು ಮೂತಿ ಕುಸಿದದ್ದರಿಂದ ಗೊತ್ತಾಗುತ್ತದೆ. ಒಂದು ಕ್ಷಣ ಎರಡೂ ಕಡೆ ಸಮನಾಗಿ ಕುಸಿಯುತ್ತದೆ, ನಂತರ ಎಡಗಡೆ ಮಾತ್ರ. ಮೂತಿ ನಮ್ಮ ಕಡೆಗೆ ತಿರುಗುತ್ತದೆ. ಗಾಡಿಯ ಹಿಂದೆ ಕಲ್ಲಿನ ಮೇಲೆ ಒಂದು ತೆಳ್ಳನೆಯ ಒದ್ದೆ ಗೆರೆ ಬೀಳುತ್ತಿರುತ್ತದೆ. ಅದನ್ನು ನೋಡಿದ ಕೂಡಲೇ ನನಗೆ ಅರ್ಥವಾಗುತ್ತದೆ. ಕಾರಿನ ಬ್ರೇಕ್ ಎರಡು ಜೋಡಿಯಾಗಿ ಇರುತ್ತದೆ, ಮುಂದಿನ ಒಂದು ಚಕ್ರಕ್ಕೆ ಹಿಂದಿನ ಅಡ್ಡಕೋನದ ಚಕ್ರ ಜೋಡಿ. ಒಂದು ಜೋಡಿಯ ಆಯಿಲ್ ಸೋರಿಹೋದರೂ ಇನ್ನೊಂದು ಜೋಡಿ ಉಳಿಯಲಿ ಎಂದು ಹಾಗೆ. ಆದರೆ ಮುಂದಿನ ಎಡಚಕ್ರ ಮಾತ್ರ ಹಿಡಿದಾಗ ಗಾಡಿ ಎಡಕ್ಕೇ ಎಳೆಯುತ್ತದೆ. ಎಡಕ್ಕೆ ನಾವಿಬ್ಬರು. ಹಿಂದೆ ನೀರು.

ಇಷ್ಟೆಲ್ಲ ಗೊತ್ತಾಯಿತು, ಕಾಲು ಮಾತ್ರ ಕದಲಲಿಲ್ಲ. ಮಲ್ಲಿಕಾರ್ಜುನ ನನ್ನ ತೋಳು ಹಿಡಿದುಕೊಂಡರು. ಗಾಡಿ ಮೂವತ್ತು ಮೀಟರಿನಷ್ಟು ಹತ್ತಿರ ಬಂದಾಗ ಕುಸಿದ ಮೂತಿ ಒಮ್ಮೆಲೇ ಮೇಲೆದ್ದಿತು. ಅಂದರೆ ಅವರು ಬ್ರೇಕ್ ಬಿಟ್ಟಿದ್ದರು. ಯಾಕೆ ಬಿಟ್ಟರು ಎಂದು ನಾನು ಯೋಚಿಸುವಷ್ಟರಲ್ಲಿ ಗಾಡಿ ಬಲಕ್ಕೆ ತಿರುಗಿ, ಕಿರ್ರೆಂದು ಅಡ್ಡಡ್ಡ ಜಾರಿ, ಫರಸಿಯ ಗುಡ್ಡೆಗೆ ಬಲಮಗ್ಗುಲು ಕೊಟ್ಟು ಬಡಿಯಿತು. ಲಾರಿಯಿಂದ ಕಲ್ಲು ಸುರಿದ ಸದ್ದು.

ಮಲ್ಲಿಕಾರ್ಜುನ ಓಡಿದರು. ಅಷ್ಟು ದೂರದಿಂದ ಮೆಹಬೂಬ್ ಓಡಿಬಂದ. ನಾನು ಕೊನೆಗೆ ಮುಟ್ಟಿದವನು. ಬೆಲ್ಟು ಹಿಡಿದಿತ್ತು, ಪಂಜರ ಹಿಡಿದಿತ್ತು, ತಲೆಗೆ, ಬೆನ್ನಿಗೆ ಏನೂ ಆಗಿರಲಿಲ್ಲ. ಆದರೆ ಒಂದು ಫರಸಿ ಬಾಗಿಲಿನ ಗಾಜು ಒಡೆದುಕೊಂಡು ಒಳಗೆ ಬಂದು, ಸ್ಟೀರಿಂಗ್ ಹಿಡಿದಿದ್ದ ಅವರ ಬಲಗೈಯನ್ನು ಅಲ್ಲೇ ಒತ್ತಿ ಹಿಡಿದಿತ್ತು. ಡಾಕ್ಟರು ಚೀರಲಿಲ್ಲ. ಕೈಯನ್ನೇ ನೋಡುತ್ತ, "ಬೆರಳು ಅವೇನು ನೋಡ್ರಿ, ಬೆರಳು ಅವೇನು ನೋಡ್ರಿ," ಎಂದು ಎರಡು ಸಲ ಕೇಳಿದರು. ಮೆಹಬೂಬ್ ಕಲ್ಲು ಎತ್ತಿದ.

ಕಲಬುರಗಿಯ ಆಸ್ಪತ್ರೆಯಲ್ಲಿ ಯಾರಿಗೋ ಫೋನ್ ಮಾಡಲು ಮೊಬೈಲ್ ತೆಗೆದರೆ ಅದರಲ್ಲಿ ಸ್ಟಾಪ್‌ವಾಚ್ ಇನ್ನೂ ಓಡುತ್ತಿತ್ತು. ಎರಡು ಗಂಟೆ ಹದಿನೇಳು ನಿಮಿಷ ಆಗಿತ್ತು.

ತೋರುಬೆರಳು, ನಡುಬೆರಳು ಎರಡನ್ನೂ ಬುಡದವರೆಗೆ ತೆಗೆಯಬೇಕಾಯಿತು. ಹೆಬ್ಬೆರಳಿನ ನರ ಮತ್ತೆ ಸರಿಹೋಗಲಿಲ್ಲ. ಆಪರೇಷನ್ ಮುಗಿದ ಮೇಲೆ ಮಲ್ಲಿಕಾರ್ಜುನ ವರಾಂಡದ ಬೆಂಚಿನಲ್ಲಿ ನನ್ನ ಪಕ್ಕ ಕೂತರು. ದನಿ ಏರಿಸದೆ ಹೇಳಿದರು.

"ನೀವು ನೋಡೀರಿ ಅಂತ ನಾ ಬ್ಯಾಡ ಅನ್ನಲಿಲ್ರಿ ಸರ್."

 

ನಾಲ್ಕನೆಯ ದಿನ ಡಾಕ್ಟರು ನನ್ನನ್ನು ಒಳಗೆ ಕರೆಸಿದರು. ಕೈಗೆ ದೊಡ್ಡ ಬ್ಯಾಂಡೇಜು. ನಾನು ಬ್ರೇಕಿನ ಮಾತು ಎತ್ತುವ ಮೊದಲೇ ಅವರೇ ಎತ್ತಿದರು.

"ಬ್ರೇಕ್ ಹಿಡದ್ರ ನಿಮ್ಮ ಕಡಿಗೇ ಬರ್ಲಿಕತ್ತಿತ್ರಿ. ಅದಕ್ಕ ಬಿಟ್ಟೆ."

ಅಷ್ಟೇ ಹೇಳಿ ಕಿಟಕಿಯ ಕಡೆ ತಿರುಗಿದರು. ಬಿಡದೆ ಹಿಡಿದಿದ್ದರೆ ಅವರ ಕೈ ಉಳಿಯುತ್ತಿತ್ತು. ನಾನು ಈ ಬರಹ ಬರೆಯುತ್ತಿರಲಿಲ್ಲ.

ಮುಂದಿನ ವಾರ ನಾನೂ ಮೆಹಬೂಬನೂ ಆ ಗಾಡಿಯನ್ನು ಅದೇ ಗುಂಡಿಯ ಮೇಲೆ ನಿಲ್ಲಿಸಿ ನೋಡಿದೆವು. ಉದ್ದದ ಪೈಪು ತಳಕ್ಕೆ ಅಂಟಿಕೊಂಡಿರಲೆಂದು ಅಲ್ಲಲ್ಲಿ ಪ್ಲಾಸ್ಟಿಕ್ ಕ್ಲಿಪ್ ಇರುತ್ತವೆ. ಮುಂದಿನಿಂದ ಮೂರನೆಯ ಕ್ಲಿಪ್ಪಿನ ಕೆಳಗೆ ಪೈಪು ಒಡೆದಿತ್ತು. ಹೊರಗೆ ಕಾಣುವಲ್ಲೆಲ್ಲ ಹೊಸದರಂತೆ ಕರ್ರಗೆ ಹೊಳೆಯುವ ಪೈಪು, ಕ್ಲಿಪ್ ಕಿತ್ತರೆ ಒಳಗೆ ಇಲಿ ಕಡಿದ ಹಾಗೆ ತಿಂದುಹೋಗಿತ್ತು. ಸುತ್ತಲೂ ಬಿಳಿ ಕೆಸರಿನಂಥದ್ದು, ಜನವರಿಯ ಒಣ ಹವೆಯಲ್ಲೂ ಒದ್ದೆ. ಉಳಿದ ಕ್ಲಿಪ್ಪುಗಳನ್ನೂ ಕಿತ್ತೆವು. ಪ್ರತಿಯೊಂದರ ಕೆಳಗೂ ಅದೇ.

"ಇದು ತುಕ್ಕಲ್ರಿ ಸಾಬ್," ಎಂದ ಮೆಹಬೂಬ್, ಮೂಗಿನ ಹತ್ತಿರ ಹಿಡಿದು. "ತೇಜಾಬ್." ಆ್ಯಸಿಡ್‌ಗೆ ನಮ್ಮ ಕಡೆ ಹಾಗೆನ್ನುತ್ತಾರೆ.

ವಾಡಿಗೆ ಹೋದೆ. ಶರಣಪ್ಪನವರು ಆಗಲೇ ಸುದ್ದಿ ಕೇಳಿದ್ದರು, ಕಣ್ಣಲ್ಲಿ ನೀರು ತಂದುಕೊಂಡರು. ಗಾಡಿ ಏನು ಹಾಕಿ ತೊಳೆಸುತ್ತಿದ್ದಿರಿ ಎಂದು ಕೇಳಿದೆ. ಅವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ.

"ಎಲ್ಲರೂ ಹೆಂಗ ತೊಳಸ್ತಾರ ಹಂಗ್ರಿ. ಗೋದಾಮಿನ ಗಾಡಿ, ಸಿಮೆಂಟ್ ಕುಂತಿರ್ತದ. ನೀರ್ ಬಿದ್ರ ಕಲ್ಲಾಗ್ತದ. ತೇಜಾಬ್ನಾಗ ನೀರ್ ಬೆರೆಸಿ ಹೊಡದ್ರ ಬುರುಬುರು ನೊರಿ ಬಂದು ಉದರಿ ಹೋಗ್ತದ. ತಿಂಗಳಿಗೊಮ್ಮಿ ಮಾಡಸ್ತಿದ್ದೆ. ಮಾರೋಕ್ಕಿಂತ ಮುಂಚೆ ತಳಕ್ಕ ಎರಡು ಸಲ ಹೊಡಿಸೀನ್ರಿ, ಮಂದಿಗಿ ಗಲೀಜ್ ಗಾಡಿ ಹೆಂಗ ಕೊಡೋದು?"

ಇದರಲ್ಲಿ ಯಾವ ಮೋಸವೂ ಇರಲಿಲ್ಲ. ಇನ್ನೊಬ್ಬರ ಕೈಗೆ ಕೊಡುವ ವಸ್ತುವನ್ನು ಚೊಕ್ಕ ಮಾಡಿ ಕೊಡಬೇಕೆಂಬ ಮರ್ಯಾದೆಯಷ್ಟೇ. ಗೋದಾಮಿನವರು, ಲಾರಿಯವರು, ಕಲ್ಲು ಪಾಲಿಶ್ ಮಾಡುವವರು, ಎಲ್ಲರೂ ಇದನ್ನೇ ಮಾಡುತ್ತಾರೆ. ಸಿಮೆಂಟಿನಲ್ಲಿರುವ ಸುಣ್ಣದ ಅಂಶ ಆ್ಯಸಿಡ್‌ಗೆ ಕರಗುತ್ತದೆ, ನಿಜ. ಕರಗಿ ಉಂಟಾಗುವ ಲವಣ ಮಾತ್ರ ನೀರಿನಲ್ಲಿ ಪೂರ್ತಿ ತೊಳೆದು ಹೋಗುವುದಿಲ್ಲ. ಕ್ಲಿಪ್ಪು, ಸಂದುಗಳಲ್ಲಿ ಕೂತು ಗಾಳಿಯ ತೇವವನ್ನು ಎಳೆದುಕೊಳ್ಳುತ್ತ ಉಕ್ಕನ್ನು ತಿನ್ನುತ್ತಿರುತ್ತದೆ. ಗೇರ್‌ಬಾಕ್ಸಿನ ಮೇಲಿದ್ದ ಬಿಳಿಚು ಮಂಕೂ ಅದೇ ಆ್ಯಸಿಡ್‌ನ ಗುರುತು. ಇದೆಲ್ಲ ಪಿಯುಸಿಯ ರಸಾಯನಶಾಸ್ತ್ರ. ನನಗೆ ಗೊತ್ತಿತ್ತು. ಶಹಾಬಾದಿನಲ್ಲಿ ನಮ್ಮ ಮನೆಯ ಫರಸಿ ನೆಲವನ್ನು ಹಬ್ಬಕ್ಕೆ ಮೊದಲು ನಮ್ಮ ತಾಯಿ ತೇಜಾಬಿನಲ್ಲೇ ತೊಳೆಸುತ್ತಿದ್ದರು. ಬಾಗಿಲಿನ ಕಬ್ಬಿಣದ ಪಟ್ಟಿ ಕೆಳಗಿನಿಂದ ಕೊರೆದು ಹೋದದ್ದನ್ನು ನೋಡಿಯೇ ನಾನು ಬೆಳೆದವನು. ಆದರೆ ಅದು ಮನೆಯ ಸಂಗತಿ. ಗುಂಡಿಗೆ ಇಳಿದಾಗ ನಾನು ಇಂಜಿನಿಯರಾಗಿದ್ದೆ. ನನ್ನ ಹತ್ತು ವಿಭಾಗಗಳಲ್ಲಿ "ಯಾವುದರಿಂದ ತೊಳೆದಿದ್ದಾರೆ" ಎಂಬ ಪ್ರಶ್ನೆ ಇರಲಿಲ್ಲ.

ತಿದ್ದಿದ ವರದಿಯೊಂದನ್ನು ಬರೆದು ಸೇಡಂಗೆ ಹೋದೆ. ಕ್ಲಿನಿಕ್ಕಿನಲ್ಲಿ ರೋಗಿಗಳು ಕೂರುವ ಕುರ್ಚಿಗೆ ಪ್ಲಾಸ್ಟಿಕ್ ಹೊದಿಸಿದ್ದರು. ಸುದ್ದಿ ತಿಳಿಯದ ಹಳ್ಳಿಯವರು ಇನ್ನೂ ಬರುತ್ತಿದ್ದರು. ಡಾಕ್ಟರು ಅವರ ಬಾಯಿ ನೋಡಿ, ಎಡಗೈಯಲ್ಲಿ ಸೊಟ್ಟಸೊಟ್ಟಾಗಿ ಚೀಟಿ ಬರೆದು ಕಲಬುರಗಿಗೆ ಕಳಿಸುತ್ತಿದ್ದರು. ನನ್ನ ವರದಿಯನ್ನು ಕೊನೆಯವರೆಗೂ ಓದಿದರು.

"ಇದನ್ನ ನನಗ್ಯಾಕ ಕೊಡ್ತೀರಿ ಸರ್? ನನ್ನ ಗಾಡಿ ಇನ್ನೊಮ್ಮಿ ಒಡೀತದೇನು? ವಾಡ್ಯಾಗ ಹೋಗಿ ಹೇಳ್ರಿ."

ಹೋಗಿ ಹೇಳಿದೆ. ಅಂದಿನಿಂದ ಇಂದಿನವರೆಗೆ ಹೇಳುತ್ತಲೇ ಇದ್ದೇನೆ. ಗಾಡಿ ತೊಳೆಯುವವರಿಗೆ, ಲಾರಿ ಮಾಲೀಕರಿಗೆ, ಚಿತ್ತಾಪುರದ ಗ್ಯಾರೇಜಿನವರಿಗೆ. ಯಾರೂ ಜಗಳ ಮಾಡುವುದಿಲ್ಲ, ಎಲ್ಲರೂ ಚಹಾ ಕೊಡುತ್ತಾರೆ. "ಖರೇ ಅದ ಸಾಬ್," ಎನ್ನುತ್ತಾರೆ. ನಾನು ಬೆನ್ನು ತಿರುಗಿಸಿದ ಮೇಲೆ ನೊರೆ ಏಳುವ ಸದ್ದು ಕೇಳುತ್ತದೆ. ಈ ಕೆಲಸ ನನಗೆ ಕಲಿಸಿದ್ದು ಏನು ಎಂದು ಕೇಳಿದರೆ ಹೇಳಬಲ್ಲೆ. ಗಾಡಿ ಸ್ವಚ್ಛವಾಗಿ ಕಂಡಾಗ ಮೆಚ್ಚುವ ಮೊದಲು, ಅದರ ಮೇಲಿದ್ದದ್ದು ಎಲ್ಲಿಗೆ ಹೋಯಿತು, ಹೇಗೆ ಹೋಯಿತು ಎಂದು ಕೇಳಬೇಕು. ಆದರೆ ಕಲಿತದ್ದನ್ನು ಇನ್ನೊಬ್ಬರಿಗೆ ದಾಟಿಸುವುದು ಹೇಗೆ ಎಂಬುದನ್ನು ಈ ಕೆಲಸ ನನಗೆ ಕಲಿಸಲಿಲ್ಲ.

ಕಳೆದ ತಿಂಗಳು ವಾಡಿಯಲ್ಲಿ ಗಾಡಿ ತೊಳೆಯುವ ಕಡೆ ನಿಂತಿದ್ದೆ. ಒಂದು ಮನೆ ಬಳಕೆಯ ಕಾರನ್ನು ರ‍್ಯಾಂಪಿನ ಮೇಲೆ ಹತ್ತಿಸಿದ್ದರು. ಮಾಲೀಕರು ಪ್ರೌಢಶಾಲೆಯ ಮೇಷ್ಟ್ರು, ಜೊತೆಗೆ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ಯಾರೋ ಬಸುರಿಯ ಕುಬುಸದ ಕಾರ್ಯಕ್ಕೆ ಹೊರಟಿದ್ದರು. ನಾನು ಕೇಳಿಕೊಂಡು ಕೆಳಗೆ ಹೋಗಿ ಒಂದು ಕ್ಲಿಪ್ ಕಿತ್ತು ಟಾರ್ಚು ಹಾಕಿದೆ. ಬಿಳಿ ಕೆಸರು, ಒದ್ದೆ. ಮೇಲೆ ಬಂದು ಹೇಳಿದೆ. ಇಂದು ಈ ಗಾಡಿ ಒಯ್ಯಬೇಡಿ, ಬಸ್ಸಿಗೆ ಹೋಗಿ, ನಾಳೆ ಪೈಪು ಬದಲಿಸೋಣ ಎಂದೆ. ಆ ಕೈಯ ಕಥೆಯನ್ನೂ ಹೇಳಿದೆ.

ಮೇಷ್ಟ್ರು ಸಮಾಧಾನದಿಂದ ಕೇಳಿದರು. "ಬ್ರೇಕ್ ಬರೋಬರ್ ಹಿಡೀಲಿಕತ್ತಾವಲ್ರಿ."

"ಅದೂ ಬರೋಬರ್ ಹಿಡೀತಿತ್ರಿ. ಒಡ್ಯೋ ಆ ಘಳಿಗಿ ತನಕ."

"ಅದು ರೇಸ್ ಗಾಡಿ ಸರ್. ನಾವು ನಲವತ್ತರ ಮ್ಯಾಲ ಹೋಗಾಂಗಿಲ್ಲ." ಹೆಂಡತಿ, "ಹೊತ್ತಾತು, ನಡೀರಿ," ಎಂದರು. ಮಕ್ಕಳು ಹಿಂದಿನ ಸೀಟಿಗೆ ಹತ್ತಿ ಕಿಟಕಿಗಾಗಿ ಕಿತ್ತಾಡತೊಡಗಿದರು. ಮೇಷ್ಟ್ರು ನನಗೆ ಕೈಮುಗಿದು ಗಾಡಿ ಹತ್ತಿದರು.

ದಾರಿ ಅಲ್ಲಿಂದ ರೈಲ್ವೆ ಗೇಟಿನ ಕಡೆಗೆ ಇಳಿಜಾರು. ಗೇಟು ಬೀಳುತ್ತಿತ್ತು, ಗಂಟೆ ಬಡಿಯುತ್ತಿತ್ತು. ನಾನು ರಸ್ತೆಯ ನಡುವೆ ನಿಂತು ನೋಡಿದೆ. ತೊಳೆದ ಗಾಡಿ ಬಿಸಿಲಿಗೆ ಹೊಳೆಯುತ್ತ ಇಳಿಯಿತು. ಹಿಂದಿನ ಎರಡು ಕೆಂಪು ದೀಪ ಹತ್ತಿದವು. ಆ ದಿನ ಅದು ನಿಂತಿತು.